ಮೊಳೆ ಕಾಣದ ರೀಪು

"ಮೇಸ್ತ್ರಿ, ಇಲ್ನೋಡಿ. ಈ ರೀಪಿಗೆ ಮೊಳೇನೇ ಹೊಡೆದಿಲ್ವಲ್ಲ!"

ಮುರಿದ ಮರದ ರಾಶಿಯಿಂದ ಎಳೆದ, ತಗಡು ಕೂರಿಸುವ ಉದ್ದನೆಯ ಪಟ್ಟಿಯೊಂದನ್ನು ಅದೇ ಬೀದಿಯ ಬಸ್ ಡ್ರೈವರ್ ಎತ್ತಿ ಹಿಡಿದಿದ್ದ. ಬಡಗಿ ಗೋಡೆಯ ಮೇಲಿಂದ ಬಗ್ಗಿ ನೋಡಿದ. ನೋಡಬೇಕಾಗಿಯೇ ಇರಲಿಲ್ಲ.

ಚಂಡಮಾರುತ ಬೀಸಿ ಒಂಬತ್ತು ದಿನವಾಗಿತ್ತು. ಬೀದಿಯ ಅರ್ಧ ಮನೆಗಳಿಗೆ ಸೂರಿರಲಿಲ್ಲ. ಬಡಗಿ ಮೊದಲ ದಿನದಿಂದಲೂ ಕೂಲಿಯ ಮಾತೆತ್ತದೆ ಮನೆಯಿಂದ ಮನೆಗೆ ತಗಡು ಹೊದಿಸುತ್ತ ಬಂದಿದ್ದ. "ಇಂಥವರು ಇರೋದಕ್ಕೇ ಮಳೆ ಬರೋದು" ಎಂದು ಯಾರೋ ಹೊಗಳಿದಾಗ, "ಬೇಡಪ್ಪ, ಬಂದಿದ್ದೇ ಸಾಕು" ಎಂದು ಇದೇ ಡ್ರೈವರ್ ಎಲ್ಲರನ್ನೂ ನಗಿಸಿದ್ದ.

ಇಂದಿನ ಸರದಿ ನರ್ಸಮ್ಮನ ಮನೆಯದು. ಬೀದಿಯ ಮಕ್ಕಳಿಗೆಲ್ಲ ಸೂಜಿ ಚುಚ್ಚಿದ ಅವರ ಬಲಗೈ ಈಗ ಪ್ಲಾಸ್ಟರಿನಲ್ಲಿ ಕತ್ತಿನಿಂದ ಜೋತುಬಿದ್ದಿತ್ತು. ಕಿತ್ತುಬಂದ ತಗಡು ಬಡಿದು ಎರಡು ಕಡೆ ಮುರಿದಿತ್ತು. ಆರು ವರ್ಷದ ಹಿಂದೆ ಆ ತಗಡು ಹೊದಿಸಿದವನು ಬಡಗಿಯೇ. ಅಂದು ಇನ್ನೊಂದು ಕೆಲಸಕ್ಕೆ ಓಡುವ ಆತುರದಲ್ಲಿ ಒಂದು ರೀಪು ಬಿಟ್ಟು ಒಂದಕ್ಕೆ ಮೊಳೆ ಹೊಡೆದಿದ್ದ. ಮೇಲೆ ಹತ್ತಿ ಎಣಿಸುವವರು ಯಾರು?

"ಅದು... ನನ್ನ ಭಾಮೈದನ ಕೆಲಸ," ಎಂದ. "ಒಂದಿಷ್ಟು ದಿನ ನನ್ನ ಜೊತೆಗಿದ್ದ. ಕೈಯಲ್ಲಿ ನಿಯತ್ತಿರಲಿಲ್ಲ."

"ಅದಕ್ಕೇ ನಂಟರನ್ನ ಕೆಲಸಕ್ಕೆ ಇಟ್ಕೋಬಾರದು ಅನ್ನೋದು," ಎಂದ ಡ್ರೈವರ್. ಕೈಜೋಡಿಸಲು ಬಂದಿದ್ದ ಬೀದಿಯವರೆಲ್ಲ ನಕ್ಕರು. ಬಾಗಿಲಲ್ಲಿ ನಿಂತಿದ್ದ ನರ್ಸಮ್ಮ ನಗಲಿಲ್ಲ.

ಬಡಗಿ ಇಳಿದು ಬಂದಾಗ ಅವರು ಎಡಗೈಯಲ್ಲಿ ನೀರಿನ ಲೋಟ ಚಾಚಿದರು. ಅಭ್ಯಾಸವಿಲ್ಲದ ಕೈ; ಅರ್ಧ ನೀರು ನೆಲಕ್ಕೆ ಚೆಲ್ಲಿತು.

"ನಿಮ್ಮ ಭಾಮೈದ ಅವತ್ತು ಬಂದೇ ಇರಲಿಲ್ಲ," ಎಂದರು, ಅವನಿಗೆ ಮಾತ್ರ ಕೇಳುವ ಹಾಗೆ. "ಏಣಿ ಹಿಡ್ಕೊಂಡಿದ್ದವಳು ನಾನು."

ಬಡಗಿ ಲೋಟವನ್ನು ಬಾಯಿಂದ ಇಳಿಸಿದ.

"ಇಷ್ಟು ದಿನ ಪಾಪ, ಗಾಳಿಯನ್ನೇ ಬೈಕೊಂಡಿದ್ದೆ," ಎಂದು ಅವರು ಒಳಗೆ ಹೋದರು.

ಅವರು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಲೋಟ ಕೆಳಗಿಟ್ಟ. ತಾನು ಬಾಯಿ ಮುಚ್ಚಿಕೊಂಡಿದ್ದರೆ ನರ್ಸಮ್ಮನೂ ಬಾಯಿ ಬಿಡುವವರಲ್ಲ. ಅದು ಅವನಿಗೆ ಗೊತ್ತಿತ್ತು. ಅದೇ ಅವನನ್ನು ಅಂಗಳಕ್ಕೆ ದೂಡಿತು.

"ಭಾಮೈದನ ಕೆಲಸ ಅಲ್ಲ," ಎಂದ. ದನಿ ಬೇಕಾದ್ದಕ್ಕಿಂತ ಜೋರಾಯಿತು. "ಅವನು ಇಲ್ಲಿಗೆ ಬಂದೇ ಇಲ್ಲ. ಮೊಳೆ ಹೊಡೀದೆ ಬಿಟ್ಟವನು ನಾನೇ. ನರ್ಸಮ್ಮನ ಕೈ ಮುರಿದಿದ್ದು ನನ್ನಿಂದ."

ಡ್ರೈವರ್ ಕೈಯಲ್ಲಿದ್ದ ರೀಪನ್ನು ಒಮ್ಮೆ ತಿರುಗಿಸಿ ನೋಡಿ, ಮೆಲ್ಲನೆ ರಾಶಿಯ ಮೇಲಿಟ್ಟ. "ಮೇಲೆ ಹತ್ತಿ," ಎಂದ ಕೊನೆಗೆ, ಮುಖ ನೋಡದೆ. "ಬಿಸಿಲು ಏರೋದ್ರೊಳಗೆ ಮುಗೀಲಿ."

ಬಡಗಿ ಹತ್ತಿದ. ಕೆಳಗಿನಿಂದ ತಗಡು ಬಂದವು, ಸ್ಕ್ರೂ ಬಂದವು, ಮಾತು ಬರಲಿಲ್ಲ. ಅವನು ಒಂದೊಂದು ರೀಪನ್ನೂ ಬೆರಳಲ್ಲಿ ಮುಟ್ಟಿ ಮುಟ್ಟಿ ಬಿಗಿಯುತ್ತ ಹೋದ. ಕೊನೆಯ ತಗಡಿನ ಹೊತ್ತಿಗೆ ಬೆನ್ನು ನೆಟ್ಟಗೆ ಮಾಡಲು ಎದ್ದು ನಿಂತ.

ಎದುರು ಮನೆಯ ಹೆಂಗಸು ಬಟ್ಟೆ ಒಣಹಾಕುವುದನ್ನು ಬಿಟ್ಟು ಅಂಗಳದಲ್ಲಿ ನಿಂತಿದ್ದಳು. ಸೊಂಟದಲ್ಲಿ ಮಗು. ಗಾಳಿಗೆ ಒಂದು ತಗಡೂ ಅಲುಗದ ಅವಳ ಮನೆಗೆ ಸೂರು ಹೊದಿಸಿದ್ದೂ ಅವನೇ. ಹಣೆಗೆ ಕೈ ಅಡ್ಡ ಹಿಡಿದು ಅವಳು ತನ್ನ ಮನೆಯ ಆ ಸೂರನ್ನೇ ನೋಡುತ್ತಿದ್ದಳು.