ಯಾವ ಕುರ್ಚಿಯಲ್ಲಿ ಕೂತರೂ

ಪರದೇಶದ ಬಾಸ್ಕಿಂಗ್ ರಿಡ್ಜ್‌ನ ದೊಡ್ಡ ಕಂಪನಿಯೊಂದು ಪಂಚಾಕ್ಷರಯ್ಯನವರನ್ನು ಕಂಪ್ಯೂಟರ್ ಕೆಲಸದಿಂದ ತೆಗೆದ ದಿನ ಅವರಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತವರ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಅವರ ಮನಸ್ಸಿಗೆ ಹಾಗಾಯಿತು. ಚಿವುಟಿದರೆ ಯಾರದೋ ಕಾಲು. "ಒಂದೀಟು ಬೈದಾರ ಬೈರಿ ಅವ್ರನ್ನ, ಹೊಟ್ಟಿ ಹಗುರಾಗತೈತಿ" ಎಂದಳು ಹೆಂಡತಿ ಶಿವಕ್ಕ. ಅವರು ಬೈಯಲಿಲ್ಲ. ಎದ್ದು ಹೋಗಿ ಡಿಶ್‌ವಾಷರಿನಿಂದ ತಟ್ಟೆ ತೆಗೆದು ಜೋಡಿಸಿಟ್ಟರು.

ಶಿವಕ್ಕನ ಎರಡೂ ಮೊಣಕಾಲು ಸವೆದಿದ್ದವು. ಆಪರೇಷನ್ನಿಗೆ ತಾರೀಖು ಸಿಕ್ಕಿತ್ತು; ಆದರೆ ಕಂಪನಿಯ ಇನ್ಶೂರೆನ್ಸ್ ಅದಕ್ಕೆ ಮೊದಲೇ ಮುಗಿಯುವುದಿತ್ತು. ಅಂಥ ಹೊತ್ತಿನಲ್ಲಿ, ಕನ್ನಡ ಸಂಘದವರೊಬ್ಬರ ಮೂಲಕ ಸಿಕ್ಕಿದವರು ಡಾಕ್ಟರ್ ಜ್ಯೋತ್ಸ್ನಾ. ಉಡುಪಿ ಕಡೆಯವರು, ವುಡ್‌ಬ್ರಿಡ್ಜ್‌ನಲ್ಲಿ ಫಿಸಿಯೊಥೆರಪಿ ಕ್ಲಿನಿಕ್ಕು.

"ಅಂಕಲ್, ಈ ಕಂಪ್ಯೂಟರ್ ಗಲಾಟೆ ಒಂದು ಸೆಟಲ್ ಮಾಡಿ ಕೊಡಿ" ಎಂದಿದ್ದರು ಜ್ಯೋತ್ಸ್ನಾ. "ಎಲ್ಲ ಸ್ಮೂತ್ ಆಗಿ ನಡೆದ್ರೆ ನಿಮ್ಮನ್ನ ಫುಲ್ ಟೈಮ್ ಸ್ಟಾಫಿಗೇ ತಗೊಳ್ತೇನೆ. ಇನ್ಶೂರೆನ್ಸ್ ಸಮೇತ. ಜೆರಿಕೋದಲ್ಲೂ ಒಂದು ಬ್ರ್ಯಾಂಚ್ ಓಪನ್ ಮಾಡುವ ಪ್ಲಾನ್ ಉಂಟು."

ಗಲಾಟೆ ಎಂದರೆ ಇಷ್ಟೇ. ಮುಂದಿನ ಕೌಂಟರಿನಲ್ಲಿ ಹೊಸ ವಿಂಡೋಸ್, ಹಿಂದಿನ ಕೋಣೆಯಲ್ಲಿ ಬೆನ್ನೆಳೆಯುವ ಯಂತ್ರಕ್ಕೆ ಕಟ್ಟಿಹಾಕಿದ ಮುದಿ ವಿಂಡೋಸ್, ಕಪಾಟಿನೊಳಗೆ ಗುಂಯ್‌ಗುಡುವ ಲಿನಕ್ಸ್ ಸರ್ವರ್. ಯಾರು ಯಾವ ಕುರ್ಚಿಯಲ್ಲಿ ಕೂತು ಹೆಸರು ಹಾಕಿದರೂ ಅವರವರ ಪರದೆ, ಅವರವರ ಫೈಲು ಅಲ್ಲಿಗೇ ಬರಬೇಕು. ಇದಕ್ಕೆ ರೋಮಿಂಗ್ ಪ್ರೊಫೈಲ್ ಎನ್ನುತ್ತಾರೆ. ಕೂತಾಗ ನಿಮ್ಮ ಗಂಟು ಸರ್ವರಿನಿಂದ ಇಳಿಯುತ್ತದೆ, ಸೈನ್ ಔಟ್ ಮಾಡಿ ಎದ್ದಾಗ ತಿರುಗಿ ಸರ್ವರಿಗೆ ಹೋಗುತ್ತದೆ. ತೊಡಕು ಏನೆಂದರೆ ಹಳೆಯ ವಿಂಡೋಸ್ ಒಂದು ಗಂಟು ಕಟ್ಟಿದರೆ ಹೊಸದು ಅದೇ ಮನುಷ್ಯನಿಗೆ ಇನ್ನೊಂದು ಗಂಟು ಕಟ್ಟುತ್ತದೆ. ಎರಡನ್ನೂ ಸರಿದೂಗಿಸಲು ಪಂಚಾಕ್ಷರಯ್ಯ ಒಂದು ಸಣ್ಣ ಸ್ಕ್ರಿಪ್ಟ್, ಅಂದರೆ ಯಂತ್ರಕ್ಕೆ ಆಜ್ಞೆಗಳ ಪಟ್ಟಿ, ಬರೆದರು. ಒಂದೇ ಹೆಸರಿನ ಎರಡು ಫೈಲು ಸಿಕ್ಕರೆ ಆಮೇಲೆ ಉಳಿಸಿದ್ದನ್ನು ಇಟ್ಟುಕೊ, ಮೊದಲಿನದನ್ನು ಬಿಸಾಡು. ಬಿಸಾಡುವ ಮುನ್ನ ಒಂದು ನಕಲು ತೆಗೆದಿಡು ಎಂದೂ ಬರೆಯಬೇಕಿತ್ತು. ಹಳೆಯ ಕೆಲಸದಲ್ಲಿ ನಿದ್ದೆಗಣ್ಣಿನಲ್ಲೂ ಬರೆಯುತ್ತಿದ್ದ ಸಾಲು ಅದು. ಈ ಸಲ ಬರೆಯಲಿಲ್ಲ. ಬೆರಳು ಬಡಿಯುತ್ತಿದ್ದವು, ಅಷ್ಟೇ, ಬಡಿಯುವವನು ಅಲ್ಲಿರಲಿಲ್ಲ.

ಕೌಂಟರಿನ ಯಜಮಾನಿ ಜ್ಯೋತ್ಸ್ನಾರ ಅತ್ತೆ ಗಿರಿಜಾದೇವಿ. ಕ್ಲಿನಿಕ್ಕಿಗೆ ದುಬಾರಿ ಸಾಫ್ಟ್‌ವೇರ್ ಇದ್ದರೂ ಯಾರು ಎಷ್ಟು ಹೊತ್ತಿಗೆ ಬರುತ್ತಾರೆಂಬುದು ಇದ್ದದ್ದು ಆಕೆಯ ಡೆಸ್ಕ್‌ಟಾಪಿನ ಎಕ್ಸೆಲ್ ಹಾಳೆಯಲ್ಲಿ. ಹೊಸ ವ್ಯವಸ್ಥೆ ಬಂದದ್ದೇ ಆಕೆಗೆ ಹಬ್ಬ. "ನಾನು ಹೋದಲ್ಲಿ ನನ್ನ ಹಾಳೆ ಬರ್ತದಾ? ನನ್ನ ಮಗನಾದರೂ ಹೀಗೆ ಬರೂದಿಲ್ಲ ಮಾರಾಯ್ರೆ!"

"ಏಳುವಾಗ ಸೈನ್ ಔಟ್ ಮಾಡ್ರಿ ಅಮ್ಮಾರ" ಎಂದು ಪಂಚಾಕ್ಷರಯ್ಯ ಹೇಳಿದ್ದರು.

ಆಕೆ ಮಾಡುತ್ತಿದ್ದುದು ಬೇರೆ. ಕೋಣೆ ಬಿಡುವಾಗ ದೀಪ ಆರಿಸಿ ಬೆಳೆದ ಜೀವ. ಎದ್ದಾಗಲೆಲ್ಲ ಪರದೆಯ ಗುಂಡಿ ಒತ್ತಿ ಕತ್ತಲು ಮಾಡಿ ನಡೆದುಬಿಡುತ್ತಿದ್ದರು. ಪರದೆ ಕತ್ತಲಾದರೆ ಕಂಪ್ಯೂಟರ್ ಮಲಗಿತೆಂದೇ ಲೆಕ್ಕ. ಸೋಮವಾರ ಬೆಳಿಗ್ಗೆ ಹಿಂದಿನ ಕೋಣೆಯಲ್ಲಿ ಹಾಳೆ ತೆರೆದು, ಒಬ್ಬರ ಫೋನ್ ನಂಬರು ತಿದ್ದಿ, ಪರದೆ ಆರಿಸಿ ಕೌಂಟರಿಗೆ ಬಂದರು. ದಿನವಿಡೀ ಕೌಂಟರಿನಲ್ಲಿ ಹೊಸ ಅಪಾಯಿಂಟ್‌ಮೆಂಟು ತುಂಬಿಸಿದರು. ಸಂಜೆ ಮನೆಗೆ ಹೊರಡುವಾಗ ಮೊದಲು ಕೌಂಟರಿನದನ್ನು ಉಳಿಸಿ ಸೈನ್ ಔಟ್ ಮಾಡಿ, ಕೊನೆಗೆ ಹಿಂದಿನ ಕೋಣೆಗೆ ಹೋದರು. ಅಲ್ಲಿ ಬೆಳಗಿನ ಹಾಳೆ ಇನ್ನೂ ತೆರೆದೇ ಇತ್ತು. ಅದನ್ನು ಮುಚ್ಚುವಾಗ ಉಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಬೇಡ ಅನ್ನುವವರು ಯಾರು? ಹೌದು ಒತ್ತಿದರು. ಬೆಳಗಿನ ಹಾಳೆ ಹೊಸದಾಯಿತು, ಇಡೀ ದಿನದ್ದು ಹಳೆಯದಾಯಿತು, ಸ್ಕ್ರಿಪ್ಟು ಹೇಳಿದ ಮಾತು ಕೇಳಿ ಹಳೆಯದನ್ನು ಬಿಸಾಡಿತು.

ಮಂಗಳವಾರ ಹಾಳೆಯಲ್ಲಿ ಖಾಲಿ ಕಂಡ ಹೊತ್ತಿಗೆ ಬೇರೆಯವರನ್ನು ಬರೆದುಕೊಂಡದ್ದರಿಂದ ಒಂದೇ ಮಂಚಕ್ಕೆ ಇಬ್ಬಿಬ್ಬರು ರೋಗಿಗಳು ಬಂದರು. ವಾಕರ್ ಹಿಡಿದ ಮುದುಕರೊಬ್ಬರು ಬಾಗಿಲಲ್ಲೇ ಕಾದು, ಬೈದು, ವಾಪಸ್ಸು ಹೋದರು. ಜ್ಯೋತ್ಸ್ನಾ ಪಂಚಾಕ್ಷರಯ್ಯನವರನ್ನು ಕರೆಸಿದರು. ಅವರು ಸರ್ವರಿನ ದಾಖಲೆ ನೋಡಿದರು, ನಡೆದದ್ದೆಲ್ಲ ಅಲ್ಲಿತ್ತು.

"ಸಿಂಪಲ್ ಕ್ವೆಶ್ಚನ್ ಅಂಕಲ್" ಎಂದರು ಜ್ಯೋತ್ಸ್ನಾ. "ಅತ್ತೆ ಏನಾದ್ರೂ ಒತ್ತಿದ್ರಾ? ಅವರದ್ದಾದ್ರೆ ನೋ ಪ್ರಾಬ್ಲಮ್, ಇವತ್ತೇ ನಿಮ್ಮ ಪೇಪರ್ಸ್ ಸೈನ್ ಮಾಡ್ತೇನೆ. ಅವರು ಮನೆಯಲ್ಲಿ ರೆಸ್ಟ್ ತಗೊಳ್ಳಲಿ, ಕೌಂಟರಿಗೆ ಬೇರೆಯವರನ್ನ ಹಾಕುವ."

ಗಿರಿಜಾದೇವಿ ಅಲ್ಲೇ ನಿಂತಿದ್ದರು. ಸೆರಗಿನ ತುದಿಯಿಂದ ಕೀಬೋರ್ಡ್ ಒರೆಸುತ್ತಿದ್ದರು.

ಹೌದು ಅಂದರೆ ಸುಳ್ಳೇನಲ್ಲ. ಶಿವಕ್ಕನ ಮೊಣಕಾಲು ಕಣ್ಣೆದುರು ಬಂತು. ರೆಸ್ಟ್ ಎಂಬ ಪದವನ್ನು ಪಂಚಾಕ್ಷರಯ್ಯನವರಿಗೂ ಮೊನ್ನೆ ಮೊನ್ನೆ ಕೆಲಸದಿಂದ ತೆಗೆಯುವಾಗ ಯಾರೋ ನಗುತ್ತ ಹೇಳಿದ್ದರು. ಆಗ ನೋವಾಗಿರಲಿಲ್ಲ. ಈಗಲೂ ಆಗಲಿಲ್ಲ. ಬಾಯಿ ಮಾತ್ರ ತಾನಾಗಿ ತೆರೆಯಿತು.

"ಒತ್ತಿದ್ದು ಅವರ ಖರೆ. ಆದ್ರ ಯಾರರ ಹಂಗ ಒತ್ತೇ ಒತ್ತತಾರ. ಒತ್ತಿದ್ರೂ ಏನೂ ಆಗದಂಗ ನಾ ಕಟ್ಟಬೇಕಿತ್ತು. ಹಳೇದರ ನಕಲು ಇಡೂದು ಮರತೆ. ತಪ್ಪು ನಂದ್ರಿ."

ಜ್ಯೋತ್ಸ್ನಾ ಕೆಟ್ಟವರಲ್ಲ. ಗೋಡೆಯ ಮೇಲಿನ ಬೆನ್ನೆಲುಬಿನ ಚಿತ್ರದತ್ತ ನೋಡುತ್ತಲೇ ಹೇಳಿದರು. "ಥ್ಯಾಂಕ್ಸ್ ಫಾರ್ ಬೀಯಿಂಗ್ ಆನೆಸ್ಟ್, ಅಂಕಲ್. ಬಟ್ ಜೆರಿಕೋ ಕೂಡ ಬರ್ತಾ ಉಂಟು, ಐ ಕಾಂಟ್ ರಿಸ್ಕ್ ಇಟ್. ಎಡಿಸನ್‌ನಲ್ಲಿ ಒಂದು ಟೀಮ್ ಇದೆ, ಅವರಿಗೇ ಕೊಡ್ತೇನೆ. ನಿಮ್ಮ ಇಷ್ಟು ದಿನದ ಕೆಲಸದ ದುಡ್ಡು ಕೊಟ್ಟುಬಿಡ್ತೇನೆ."

"ಆತ್ರಿ" ಎಂದರು ಪಂಚಾಕ್ಷರಯ್ಯ. ಹೋಗುವ ಮೊದಲು ಆ ಬಿಟ್ಟುಹೋದ ಸಾಲನ್ನು ಬರೆದರು. ಪಕ್ಕದಲ್ಲಿ ಗಿರಿಜಾದೇವಿ ಸೋಮವಾರ ಫೋನ್ ಮಾಡಿದ್ದವರಿಗೆಲ್ಲ ತಿರುಗಿ ಫೋನ್ ಮಾಡಿ ಹೊತ್ತು ಕೇಳುತ್ತಿದ್ದರು. ಒಂದು ಕರೆ ಮುಗಿಸಿ ದನಿ ತಗ್ಗಿಸಿದರು.

"ಎಂತ ಜನ ನೀವು? ನನ್ನ ಹೆಸರು ಹೇಳಿದ್ರೆ ಸೊಸೆ ನನ್ನನ್ನ ಮನೆಯಿಂದ ಹೊರಗೆ ಹಾಕ್ತಿದ್ಲಾ?"

"ಕುರ್ಚಿಯಿಂದ ಹಾಕ್ತಿದ್ರು."

ಆಕೆ ಮುಂದಿನ ನಂಬರು ಹುಡುಕಿದರು. "ಅದು ಹೌದು" ಎಂದರು ಅದನ್ನು ಒತ್ತುತ್ತ.

ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಗಾಜಿಗೆ ಹಿಮ ಕರಗಿಸಲು ರಸ್ತೆಗೆ ಎರಚಿದ ಉಪ್ಪು ಮೆತ್ತಿತ್ತು. ಎಂಜಿನ್ ಹಚ್ಚಿದೊಡನೆ ಫೋನ್ ಬಂತು.

"ಏನಾತ್ರೀ?" ಎಂದಳು ಶಿವಕ್ಕ. "ದವಾಖಾನಿಯಾವ್ರು ಹೊಸ ಇನ್ಶೂರೆನ್ಸ್ ನಂಬರ್ ಕೇಳಾಕತ್ತಾರ. ಏನ್ ಹೇಳ್ಲಿ?"

"ತಾರೀಖು ಮುಂದ ಹಾಕ್ರಿ ಅನ್ನು."

ಅತ್ತ ಕುಕ್ಕರಿನ ಸದ್ದು ಕೇಳಿಸುತ್ತಿತ್ತು.

"ಎಷ್ಟು ಮುಂದ?"

"ಗೊತ್ತಿಲ್ಲ."

"ಆತು ಬಿಡ್ರಿ. ಕಾಲೇನ್ ಓಡಿ ಹೋಗಂಗಿಲ್ಲ, ಓಡೂಹಂಗಿದ್ರ ಆಪರೇಷನ್ ಯಾಕ ಬೇಕಿತ್ತು?" ಎಂದು ನಕ್ಕಳು. ಅವರು ನಗಲಿಲ್ಲ. "ಪಲ್ಯಾ ಏನ್ ಮಾಡ್ಲಿ ಹೇಳ್ರಿ."

"ನೀ ಈಗ ನಿಂತೀ ಏನು?"

"ನಿಂತ ಮಾಡ್ಬೇಕಲ್ರೀ ಅಡಿಗಿ."

"ಒಲಿ ಆರಿಸಿ ಕುಂದ್ರು. ನಾ ಬಂದು ಮಾಡ್ತೀನಿ."

"ನಿಮಗೇನ್ ಬರತೈತಿ?"

ಪಂಚಾಕ್ಷರಯ್ಯನವರಿಗೆ ಅಡಿಗೆಯಲ್ಲಿ ಏನೂ ಬರುತ್ತಿರಲಿಲ್ಲ.

"ನೀ ಕುಂತು ಹೇಳು" ಎಂದರು. "ಹೇಳಿದ್ದು ಮಾಡ್ತೀನಿ."