ಕೆಂಪು ಅಂಕಿ ಆರುವ ತನಕ

ಓರಗಿತ್ತಿಯ ಮನೆಗೆ ಹೊಸ ಸಾಮಾನು ಬಂದರೆ ನಮ್ಮ ಮನೆಯ ಹಳೆಯ ಸಾಮಾನು ಮೂಲೆಯಲ್ಲಿ ಕುಳಿತು ನಮ್ಮನ್ನೇ ನೋಡತೊಡಗುತ್ತದೆ. ಇದು ಯಾವ ಮನೆಯಲ್ಲಿ ಇಲ್ಲ, ಹೇಳಿ? ಡೊಂಬಿವಲಿಯ ಹರಿಣಾಕ್ಷಿಗೂ ಹಾಗೆಯೇ ಆಯಿತು.

ಅವಳ ಅತ್ತೆಯ ಮನೆ ಟಿಟ್ವಾಳಾದಲ್ಲಿ. ಚೌತಿಗೆ ಕುಟುಂಬದವರೆಲ್ಲ ಅಲ್ಲಿ ಸೇರುತ್ತಾರೆ. ಗಣಪತಿಯನ್ನು ಕೂರಿಸುವ ಅಲಂಕಾರದ ಮಂಟಪಕ್ಕೆ ಈ ಕಡೆ ಮಖರ ಎನ್ನುತ್ತಾರೆ. ಮದುವೆಯಾಗಿ ಬಂದ ವರ್ಷದಿಂದ ಆ ಮಖರ ಹರಿಣಾಕ್ಷಿಯದ್ದೇ. ರಟ್ಟು ಕತ್ತರಿಸಿ, ಬಳ್ಳಿ ಬಿಡಿಸಿ, ಬಣ್ಣ ಹಚ್ಚಿ ಅವಳು ನಿಲ್ಲಿಸಿದ ಮೇಲೆಯೇ ಗಣಪತಿ ಒಳಗೆ ಬರುತ್ತಿದ್ದ.

ಹೋದ ವರ್ಷ ಮೈದುನನ ಹೆಂಡತಿ ಅಮಿತಾ ಸಾನಪಾಡಾದಿಂದ ಮರದ ಹಲಗೆಯ ಮಖರ ತಂದಳು. ಸೂಜಿ ಹೋಗುವಷ್ಟು ಸಣ್ಣ ಜಾಲಂಧ್ರ, ನವಿಲು, ಕಮಲ. ಎಲ್ಲವನ್ನೂ ಕೊರೆದದ್ದು ಮನೆಯಲ್ಲೇ ಇಟ್ಟುಕೊಂಡ ಪುಟ್ಟ ಸಿಎನ್‌ಸಿ ಮಿಷನ್. ಕಂಪ್ಯೂಟರಿನಲ್ಲಿ ಚಿತ್ರ ಕೊಟ್ಟರೆ ಅದು ತಾನೇ ಹಲಗೆ ಕೊರೆಯುತ್ತದೆ.

"ಎಂತ ಚಂದ ಮಾರಾಯ್ತಿ! ದೇವಸ್ಥಾನದ ಬಾಗಿಲಿನ ಹಾಗೆ ಉಂಟು," ಎಂದರು ಅತ್ತೆ.

ಹರಿಣಾಕ್ಷಿಯ ರಟ್ಟಿನ ಮಖರ ಆ ವರ್ಷ ಚಪ್ಪಲಿ ಇಡುವಲ್ಲಿ ಗೋಡೆಗೆ ಒರಗಿ ನಿಂತಿತು. ಯಾರ ಕಾಲೂ ತಾಗದಂತೆ ಅದರ ಮುಂದೆ ಒಂದು ಸ್ಟೂಲ್ ಇಟ್ಟವಳು ಅಮಿತಾಳೇ. ಹರಿಣಾಕ್ಷಿಗೆ ಅದು ಕಾಣಲಿಲ್ಲ. ಹೊಟ್ಟೆಕಿಚ್ಚಿಗೆ ದೊಡ್ಡದು ಮಾತ್ರ ಕಾಣುತ್ತದೆ, ಸಣ್ಣದು ಕಾಣುವುದಿಲ್ಲ.

ಆರು ತಿಂಗಳೊಳಗೆ ಹರಿಣಾಕ್ಷಿಯ ಮನೆಯ ಗ್ಯಾಲರಿಗೂ, ಅಂದರೆ ಬಾಲ್ಕನಿಗೂ, ಒಂದು ಮಿಷನ್ ಬಂತು. ಆದರೆ ಅದರ ಮೋಟರಿನ ವೇಗವನ್ನು ಕೈಯಿಂದ ತಿರುಗಿಸಿ ಇಡಬೇಕಿತ್ತು. ತೆಳು ಹಲಗೆಗೆ ಒಂದು ವೇಗ, ಗಟ್ಟಿ ಮರಕ್ಕೆ ಇನ್ನೊಂದು. ತಪ್ಪಿದರೆ ಅಂಚು ಸುಟ್ಟು ಕಪ್ಪಾಗುತ್ತಿತ್ತು. ಬಳ್ಳಿಯೆಲ್ಲ ಹೊಗೆ ಹಿಡಿದ ಹಾಗೆ.

"ಅಮಿತಾನದ್ದು ಯಾಕೆ ಸುಡುವುದಿಲ್ಲ?" ಎಂದು ಕೇಳಿದ ಗಂಡ ಜಯಶೀಲ.

"ಅವಳದ್ದಕ್ಕೆ ಸ್ಪಿಂಡಲ್ ಅಂತ ಬೇರೆಯೇ ಮೋಟರ್ ಉಂಟು, ಅದರ ವೇಗ ನಡೆಸುವ ಡ್ರೈವ್ ಉಂಟು. ಕಂಪ್ಯೂಟರ್ ಹೇಳಿದಷ್ಟೇ ವೇಗ. ನನಗೆಂತ ಉಂಟು? ನೀವಿದ್ದೀರಿ."

"ಹಾಗಾದರೆ ಅವಳ ಹತ್ತಿರವೇ ಕೇಳು. ಎಲೆಕ್ಟ್ರಿಕಲ್ ಡಿಪ್ಲೊಮಾ ಕಲಿತವಳು, ಹೇಳಿಕೊಡ್ತಾಳೆ."

"ನಾನು ಕೇಳುವುದಾ? ಆಮೇಲೆ ಟಿಟ್ವಾಳಾದಲ್ಲಿ 'ಅಕ್ಕನಿಗೆ ನಾನೇ ಕಲಿಸಿದ್ದು' ಅಂತ ಆಗಬೇಕಾ?"

ಕೇಳಲಿಲ್ಲ. ಬದಲಿಗೆ ಒಂದು ದಿನ ಹಲಸಿನ ಹಪ್ಪಳ ಕೊಡುವ ನೆಪದಲ್ಲಿ ಸಾನಪಾಡಾಕ್ಕೆ ಹೋದಳು. ಅಮಿತಾ ಚಹಾ ಮಾಡಲು ಒಳಗೆ ಹೋದಾಗ ಡ್ರೈವ್ ಎಂಬ ಆ ಪೆಟ್ಟಿಗೆಯ ಫೋಟೋ ತೆಗೆದಳು. ಅದರ ಮುಚ್ಚಳ ಅಂದು ತೆರೆದೇ ಇತ್ತು. ಯಾವ ಬಣ್ಣದ ವೈರು ಯಾವ ಸ್ಕ್ರೂಗೆ ಹೋಗಿದೆ ಎಂಬುದೆಲ್ಲ ಸ್ಪಷ್ಟ. ಅಮಿತಾ ಚಹಾದೊಂದಿಗೆ ಹೊರಬಂದಳು, ಫ್ಯಾನನ್ನು ಅಕ್ಕನ ಕಡೆ ತಿರುಗಿಸಿದಳು.

ಚೌತಿಗೆ ಮೂರು ವಾರ ಇರುವಾಗ ಹರಿಣಾಕ್ಷಿಯ ಸ್ಪಿಂಡಲ್ ಮತ್ತು ಡ್ರೈವ್ ಕೊರಿಯರಿನಲ್ಲಿ ಬಂದವು. ಜಯಶೀಲನಿಗೆ ಹೆಮ್ಮೆ ತಡೆಯಲಿಲ್ಲ. ಕುಟುಂಬದ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿ "ನಮ್ಮ ಮನೆಗೂ ಬಂತು" ಎಂದು ಬರೆದುಬಿಟ್ಟ.

ಅಂದು ಭಾನುವಾರ. ಹರಿಣಾಕ್ಷಿ ಗ್ಯಾಲರಿಯಲ್ಲಿ ಕುಳಿತು, ಫೋನಿನ ಚಿತ್ರ ನೋಡುತ್ತ, ವೈರು ಜೋಡಿಸತೊಡಗಿದಳು. ಮಿಷನ್‌ಗೆ ಆಜ್ಞೆ ಕೊಡುವ ಕಂಟ್ರೋಲರ್ ಬೋರ್ಡಿನಿಂದ ಹಳದಿ ವೈರು. ಅಮಿತಾಳ ಚಿತ್ರದಲ್ಲಿ ಅದು ಎಡದಿಂದ ಎರಡನೇ ಸ್ಕ್ರೂಗೆ ಹೋಗಿತ್ತು. ಇವಳೂ ಅಲ್ಲಿಗೇ ಹಾಕಿದಳು.

"ಪೆಟ್ಟಿಗೆಯ ಒಟ್ಟಿಗೆ ಬಂದ ಪುಸ್ತಕ ಓದಿದೆಯಾ?" ಎಂದ ಜಯಶೀಲ.

"ಕಣ್ಣೆದುರು ಫೋಟೋ ಇರುವಾಗ ಪುಸ್ತಕ ಯಾಕೆ?"

ಅಷ್ಟರಲ್ಲಿ ಫೋನ್ ಅಲುಗಿತು. ತೆರೆಯ ಮೇಲೆ ಅಮಿತಾಳ ಹೆಸರು. ಹರಿಣಾಕ್ಷಿ ಎತ್ತಲಿಲ್ಲ. ಅದು ತಾನೇ ನಿಂತ ಮೇಲೆ ಮತ್ತೆ ಫೋಟೋ ತೆರೆದಳು. ಫೋನ್ ಮತ್ತೆ ಅಲುಗಿತು. ಈ ಸಲ ಅದನ್ನು ಮಗುಚಿ ಇಟ್ಟಳು.

ಸ್ವಿಚ್ ಹಾಕಿದರೆ ಡ್ರೈವಿನ ಮುಖದಲ್ಲಿ ಕೆಂಪು ಅಂಕಿಗಳು ಬೆಳಗಿದವು, ಸ್ಪಿಂಡಲ್ ಮಾತ್ರ ಅಲ್ಲಾಡಲಿಲ್ಲ. ಕಂಪ್ಯೂಟರಿನಿಂದ ವೇಗ ಕೊಟ್ಟರೂ ಇಲ್ಲ. ಹರಿಣಾಕ್ಷಿಗೆ ಸಿಟ್ಟು ಬಂತು. ಪ್ಲಗ್ಗು ಕಿತ್ತಳು, ಸ್ಕ್ರೂಡ್ರೈವರ್ ಹಿಡಿದು ಮುಚ್ಚಳ ಬಿಚ್ಚಿದಳು.

"ಅಕ್ಕಾ, ಕೈ ಹಿಂದೆ!"

ಬಾಗಿಲಲ್ಲಿ ಅಮಿತಾ ನಿಂತಿದ್ದಳು. ಬೆವರಿನಲ್ಲಿ ತೊಯ್ದಿದ್ದಳು, ಹೆಗಲಲ್ಲಿ ದೊಡ್ಡ ಚೀಲ. ಹಳಿ ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕಿನ ದಿನ ಸಾನಪಾಡಾದಿಂದ ಠಾಣೆ, ಠಾಣೆಯಿಂದ ಡೊಂಬಿವಲಿ ಅಂದರೆ ಸುಮ್ಮನೆ ಅಲ್ಲ.

ಹರಿಣಾಕ್ಷಿಯ ಮುಖ ಬಿಗಿಯಾಯಿತು. "ಪ್ಲಗ್ ತೆಗೆದಿದ್ದೇನೆ. ನನಗೂ ಅಷ್ಟು ಬುದ್ಧಿ ಉಂಟು."

"ಬುದ್ಧಿಯ ಮಾತಲ್ಲ ಅಕ್ಕ. ಆ ಅಂಕಿ ನೋಡಿ."

ಪ್ಲಗ್ಗು ನೆಲದ ಮೇಲಿತ್ತು. ಆದರೂ ಕೆಂಪು ಅಂಕಿಗಳು ಉರಿಯುತ್ತಲೇ ಇದ್ದವು. ಹರಿಣಾಕ್ಷಿಯ ಸ್ಕ್ರೂಡ್ರೈವರಿನ ತುದಿ ಸ್ಕ್ರೂಗಳಿಂದ ಒಂದು ಬೆರಳು ದೂರದಲ್ಲಿತ್ತು.

"ಗ್ಯಾಸ್ ಬಂದ್ ಮಾಡಿದ ಕೂಡಲೇ ಕುಕ್ಕರಿನ ಮುಚ್ಚಳ ತೆಗೀತೀರಾ?" ಎಂದಳು ಅಮಿತಾ ಮೆಲ್ಲಗೆ. "ಒಳಗೆ ಹಬೆ ಇರ್ತದಲ್ಲ, ಇದೂ ಹಾಗೆ. ಇದರ ಒಳಗೆ ಕರೆಂಟು ತುಂಬಿಸಿಡುವ ಡಬ್ಬಿಗಳುಂಟು, ಕೆಪ್ಯಾಸಿಟರ್ ಅಂತ. ಪ್ಲಗ್ ತೆಗೆದರೂ ಅದು ಜೀವ ತೆಗೆಯುವಷ್ಟು ಇರ್ತದೆ. ಅಂಕಿ ಆರಬೇಕು. ಆರಿದ ಮೇಲೂ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು. ನಿಮ್ಮದಕ್ಕೆ ಎಷ್ಟು ಬರೆದಿದ್ದಾರೆ ನೋಡುವ."

ಜಯಶೀಲ ಪುಸ್ತಕ ತೆರೆದ. ಹತ್ತು ನಿಮಿಷ ಎಂದಿತ್ತು. ಅವನು ಹೆಂಡತಿಯ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ತನ್ನ ಕಿಸೆಗೆ ಹಾಕಿಕೊಂಡ.

ಹಾಗಾಗಿ ಓರಗಿತ್ತಿಯರಿಬ್ಬರೂ ಎದುರು ಬದುರು ಕುಳಿತು ಕಾಯಬೇಕಾಯಿತು. ಮನೆಯಲ್ಲಿ ಬೇರೆ ಯಾವ ಕೆಲಸವೂ ಇರಲಿಲ್ಲ. ತಪ್ಪಿಸಿಕೊಳ್ಳಲು ದಾರಿಯೂ ಇರಲಿಲ್ಲ.

"ನಾನು ಜೋಡಿಸ್ತಿದ್ದೇನೆ ಅಂತ ನಿನಗೆ ಹೇಗೆ ಗೊತ್ತಾಯ್ತು?" ಎಂದಳು ಹರಿಣಾಕ್ಷಿ.

"ಭಾವ ಗ್ರೂಪಿನಲ್ಲಿ ಹಾಕಿದ್ರಲ್ಲ. ನಿಮ್ಮ ಡ್ರೈವ್ ಬೇರೆ ಕಂಪನಿದು. ನನ್ನ ಫೋಟೋ ನೋಡಿ ಜೋಡಿಸಿದರೆ ಅಂತ ಹೆದರಿಕೆ ಆಯ್ತು. ಫೋನ್ ಮಾಡಿದೆ, ನೀವು ಎತ್ತಲಿಲ್ಲ."

"ಯಾವ ಫೋಟೋ?"

"ಅಕ್ಕ, ಆ ದಿನ ಫ್ಲಾಷ್ ಹೊಡೆಯಿತು. ಮಿಂಚಾ ಅಂತ ನಾನು ಅಡುಗೆಮನೆಯ ಕಿಟಕಿಯಲ್ಲಿ ಇಣುಕಿ ನೋಡಿದೆ!"

ಜಯಶೀಲನಿಗೆ ನಗು ತಡೆಯಲಿಲ್ಲ. ಹರಿಣಾಕ್ಷಿ ಅವನನ್ನು ಒಮ್ಮೆ ನೋಡಿದಳು. ಅವನು ನೀರು ತರುವೆನೆಂದು ಒಳಗೆ ಹೋದ.

"ಮತ್ತೆ ಆಗಲೇ ಯಾಕೆ ಹೇಳಲಿಲ್ಲ?"

"ಹೇಳಿದರೆ ನಿಮಗೆ ಬೇಜಾರಾಗ್ತಿತ್ತು. ನನ್ನದೇ ಕಂಪನಿಯದ್ದು ತರ್ತೀರಿ, ಸರಿಹೋಗ್ತದೆ ಅಂತ ಇದ್ದೆ. ಈಗ ನನ್ನ ಡ್ರೈವಿನ ಸ್ಕ್ರೂ ಯಾವುದು ಯಾವುದಕ್ಕೆ ಅಂತ ತೋರಿಸ್ತೇನೆ, ತಾಳಿ." ಅಮಿತಾ ತನ್ನ ಫೋನ್ ತೆರೆದು ಅಕ್ಕನ ಕೈಗೆ ಕೊಟ್ಟಳು.

ಹರಿಣಾಕ್ಷಿಯ ಬೆರಳು ಸ್ವಲ್ಪ ಜಾಸ್ತಿ ಜಾರಿತು. ತೆರೆಯ ಮೇಲೆ ಬಂದದ್ದು ಡ್ರೈವಲ್ಲ, ಒಂದು ರಟ್ಟಿನ ಬಳ್ಳಿ. ಮುಂದಿನದೂ ಬಳ್ಳಿಯೇ. ತನ್ನದೇ ಮಖರಗಳು! ವರ್ಷ ವರ್ಷದ್ದೂ ಇದ್ದವು. ತೀರಾ ಹತ್ತಿರದಿಂದ ತೆಗೆದದ್ದು, ಎಲೆಯ ತುದಿ, ಹೂವಿನ ತಿರುವು.

"ಇದೆಂತ?"

ಅಮಿತಾಳ ಕಿವಿ ಕೆಂಪಾಯಿತು. "ಅದು... ಬಳ್ಳಿಯನ್ನು ನೀವು ಹೇಗೆ ತಿರುಗಿಸ್ತೀರಿ ಅಂತ ನೋಡಲಿಕ್ಕೆ. ನನ್ನ ಮಿಷನ್ ನವಿಲು ಕೊರೀತದೆ, ಇಂಟರ್ನೆಟ್ಟಿನ ನವಿಲು. ನಿಮ್ಮ ಬಳ್ಳಿ ಎಲ್ಲಿಯೂ ಸಿಗುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ಅತ್ತೆ ಹೇಳುವುದು ಒಂದೇ, ದೊಡ್ಡ ಸೊಸೆಯ ಕೈ, ದೊಡ್ಡ ಸೊಸೆಯ ಕೈ. ನನಗೂ ಹೊಟ್ಟೆ ಉರಿಯುವುದಿಲ್ವಾ?"

"ಕದ್ದು ತೆಗೆದದ್ದಾ?"

"ಫ್ಲಾಷ್ ಬಂದ್ ಮಾಡಿ ತೆಗೆದದ್ದು."

ಈ ಸಲ ಹರಿಣಾಕ್ಷಿಯೇ ನಕ್ಕಳು. ನಗುತ್ತಾ ನೋಡಿದರೆ ಕೆಂಪು ಅಂಕಿ ಆರಿತ್ತು. ಯಾವಾಗ ಆರಿತೆಂದು ಇಬ್ಬರೂ ಗಮನಿಸಿರಲಿಲ್ಲ.

"ಯಾವಾಗ ಆರಿತೋ ಗೊತ್ತಿಲ್ಲ, ಈಗಿನಿಂದ ಹತ್ತು ನಿಮಿಷ ಲೆಕ್ಕ," ಎಂದಳು ಅಮಿತಾ. ಅಷ್ಟೂ ಹೊತ್ತು ಕಾದ ಮೇಲೆ ಮೀಟರ್ ಇಟ್ಟು ಒಳಗೆ ಕರೆಂಟು ಉಳಿದಿಲ್ಲವೆಂದು ನೋಡಿ, ಆಮೇಲೆಯೇ ಕೈ ಹಾಕಿದಳು.

"ನೋಡಿ ಅಕ್ಕ, ನನ್ನದರಲ್ಲಿ ಎಡದಿಂದ ಎರಡನೆಯದು ಕಂಟ್ರೋಲರಿನ ಮಾತು ಕೇಳುವ ಜಾಗ. ನಿಮ್ಮದರಲ್ಲಿ ಅದೇ ಸ್ಕ್ರೂ ಹತ್ತು ವೋಲ್ಟ್ ಹೊರಗೆ ಕೊಡುವ ಜಾಗ. ನೀವು ಬೋರ್ಡಿನ ಬಾಯಿಗೇ ವೋಲ್ಟ್ ಕೊಟ್ಟಿರಿ. ಬೋರ್ಡ್ ಸುಡದೆ ಉಳಿದಿದ್ದರೆ ನಮ್ಮ ಪುಣ್ಯ."

ಮುಖ್ಯ ಕರೆಂಟು ಒಳಬರುವ ಸ್ಕ್ರೂಗಳು ಯಾವುವು, ಸ್ಪಿಂಡಲಿಗೆ ಹೊರಹೋಗುವ ಸ್ಕ್ರೂಗಳು ಯಾವುವು ಎಂದು ಇಬ್ಬರೂ ಪುಸ್ತಕದಲ್ಲಿ ಬೆರಳಿಟ್ಟು ನೋಡಿದರು. ಅದೊಂದು ಅದಲುಬದಲಾದರೆ ಡ್ರೈವ್ ಸತ್ತಂತೆ. ಹೊರಗಿನ ಆಜ್ಞೆ ಕೇಳು ಎಂದು ಡ್ರೈವಿಗೆ ಸೆಟ್ಟಿಂಗಿನಲ್ಲಿ ಹೇಳಬೇಕಿತ್ತು. ಸ್ಪಿಂಡಲಿನ ಮೈಮೇಲಿನ ಪಟ್ಟಿಯಲ್ಲಿ ಬರೆದ ಮಿತಿಯನ್ನೂ ಅಲ್ಲೇ ತುಂಬಬೇಕಿತ್ತು. ಕರೆಂಟು ಕೊಡುವ ಮೊದಲು ಆ ಅಂಕಿಗಳನ್ನೆಲ್ಲ ಇಬ್ಬರೂ ಹುಡುಕಿಟ್ಟುಕೊಂಡರು. ಚೀಲದಿಂದ ಅಮಿತಾ ಜಾಲರಿ ಹೊದಿಸಿದ ಕೇಬಲ್ ತೆಗೆದಳು. ಸ್ಪಿಂಡಲಿನ ಕೇಬಲಿನಿಂದ ಕರೆಂಟಿನ ಗದ್ದಲ ಹರಡಿ ಕಂಟ್ರೋಲರ್ ದಿಕ್ಕುತಪ್ಪಬಾರದಲ್ಲ, ಅದಕ್ಕೆ. ಠಾಣೆಯಿಂದ ರೈಲಿನ ಲೇಡೀಸ್ ಡಬ್ಬಿಯಲ್ಲಿ ಯಾರೋ ಗುರುತಿಲ್ಲದ ಹೆಂಗಸು ಆ ಸುರುಳಿ ಮಡಚಿ ಹೋಗದಂತೆ ಡೊಂಬಿವಲಿಯವರೆಗೂ ತನ್ನ ಮಡಿಲಲ್ಲಿ ಇಟ್ಟುಕೊಂಡಿದ್ದಳಂತೆ.

ಕೊನೆಗೆ ಪ್ಲಗ್ಗಿನ ಜಾಗಕ್ಕೆ ಮೀಟರ್ ಹಿಡಿದ ಅಮಿತಾ ಮುಖ ಸಣ್ಣ ಮಾಡಿದಳು. "ಅಕ್ಕ, ಇದಕ್ಕೆ ಅರ್ಥಿಂಗೇ ಇಲ್ಲ."

"ಮೂರು ತೂತು ಉಂಟಲ್ಲ?"

ಕಟ್ಟಡದ ಸೊಸೈಟಿಯ ವೈರ್‌ಮನ್ ಜಟ್ಟೆಪ್ಪ ಬಂದು ಗೋಡೆಯ ಸ್ವಿಚ್ ಬೋರ್ಡು ಬಿಚ್ಚಿದ. "ಅಕ್ಕಾರ, ಮ್ಯಾಲಿನ ತೂತು ಬರೇ ಶೋಕಿಗೆ ಐತ್ರಿ. ಹಿಂದ ವೈರೇ ಎಳದಿಲ್ಲ. ಹಳೇ ಬಿಲ್ಡಿಂಗ್ ನೋಡ್ರಿ." ಅವನು ಊಟದ ಹೊತ್ತು ಬಿಟ್ಟು, ಮೀಟರ್ ಬೋರ್ಡಿನಿಂದ ಹಸಿರು ವೈರು ಎಳೆದು ಕೊಟ್ಟ. ಡ್ರೈವಿಗೂ ಅರ್ಥಿಂಗ್, ಸ್ಪಿಂಡಲಿನ ಲೋಹದ ಮೈಗೂ ಅರ್ಥಿಂಗ್. ಕರೆಂಟು ಮೈಗೆ ಸೋರಿದರೆ ಮುಟ್ಟಿದವರ ಮೂಲಕ ಹೋಗದೆ ಹಸಿರು ವೈರಿನ ಮೂಲಕ ಹೋಗಲಿ ಎಂದು.

ಸಂಜೆ ಮುಚ್ಚಳ ಹಾಕಿ, ಹುಡುಕಿಟ್ಟ ಅಂಕಿಗಳನ್ನು ಡ್ರೈವಿಗೆ ತುಂಬಿ, ಕೊರೆಯುವ ಬಿಟ್ ಹಾಕದೆ ಖಾಲಿ ಸ್ಪಿಂಡಲನ್ನು ಓಡಿಸಿದರು. ಹರಿಣಾಕ್ಷಿ ಕಂಪ್ಯೂಟರಿನಲ್ಲಿ ಕಡಿಮೆ ವೇಗ ಕೊಟ್ಟಳು. ಅದು ಮೆಲ್ಲಗೆ ಗುಂಯ್ ಎಂದಿತು. ಹೆಚ್ಚು ಕೊಟ್ಟಳು. ಏರಿತು. ನಿಲ್ಲು ಎಂದಳು. ನಿಂತಿತು.

"ನಮ್ಮ ಮನೆಯಲ್ಲಿ ನನ್ನ ಮಾತು ಕೇಳುವವರು ಒಬ್ಬರಾದರೂ ಬಂದರು," ಎಂದಳು. ಜಯಶೀಲ ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದು ಮರಳಿ ಕೊಟ್ಟ.

ಚೌತಿಗೆ ಟಿಟ್ವಾಳಾದಲ್ಲಿ ನಿಂತದ್ದು ಹರಿಣಾಕ್ಷಿಯ ಮಖರ. ಅವಳದ್ದೇ ಬಳ್ಳಿ, ಆದರೆ ಮರದ ಬಳ್ಳಿ. ಒಂದು ಅಂಚೂ ಸುಟ್ಟಿರಲಿಲ್ಲ. ಅತ್ತೆ ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು. ಅಮಿತಾ ಬಹಳ ಹೊತ್ತು ನೋಡಿದಳು, ತುಟಿ ಕಚ್ಚಿಕೊಂಡಳು, ಫೋನ್ ತೆಗೆದಳು.

"ಅಷ್ಟು ದೂರದಿಂದ ಎಂತ ಕಾಣ್ತದೆ ಮಾರಾಯ್ತಿ? ಹತ್ತಿರ ಬಾ," ಎಂದಳು ಹರಿಣಾಕ್ಷಿ. "ಫ್ಲಾಷ್ ಹಾಕಿಯೇ ತೆಗೆ."

"ಬರುವ ವರ್ಷ ನೋಡಿ ಅಕ್ಕ," ಎಂದಳು ಅಮಿತಾ. "ನಿಮ್ಮದನ್ನು ಚಪ್ಪಲಿಯ ಹತ್ತಿರ ನಿಲ್ಲಿಸ್ತೇನೆ."

"ಸ್ಟೂಲ್ ಇಡಲು ಮರೆಯಬೇಡ," ಎಂದಳು ಹರಿಣಾಕ್ಷಿ. ಹೋದ ವರ್ಷದ ಸ್ಟೂಲ್ ಅವಳಿಗೆ ಈಗ ಕಂಡಿತ್ತು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮನೆಯಲ್ಲಿ ಇಂಥ ಮಿಷನ್ ಇಟ್ಟುಕೊಂಡವರು ನಮ್ಮಲ್ಲಿ ಈಗ ಬಹಳ ಮಂದಿ ಇದ್ದೀರಿ. ಹೊಟ್ಟೆಕಿಚ್ಚು ಬೇಡವೆಂದು ನಾನು ಹೇಳುವುದಿಲ್ಲ, ಅದರಿಂದ ಒಳ್ಳೆಯ ಮಖರಗಳೂ ಆಗುತ್ತವೆ. ಆದರೆ ಪಕ್ಕದ ಮನೆಯ ಫೋಟೋ ನೋಡಿ ನಿಮ್ಮ ಡ್ರೈವಿಗೆ ವೈರು ಜೋಡಿಸಬೇಡಿ. ನಿಮ್ಮ ಪೆಟ್ಟಿಗೆಯ ಪುಸ್ತಕವನ್ನೇ ಓದಿ. ಗೋಡೆಯ ಮೂರನೇ ತೂತಿನ ಹಿಂದೆ ನಿಜವಾಗಿ ವೈರು ಇದೆಯೇ ಎಂದು ತಿಳಿದವರಿಂದ ಪರೀಕ್ಷೆ ಮಾಡಿಸಿ. ಪ್ಲಗ್ಗು ತೆಗೆದರೂ ಕೆಂಪು ಅಂಕಿ ಆರುವ ತನಕ, ಆಮೇಲೆ ಪುಸ್ತಕ ಹೇಳಿದಷ್ಟು ಹೊತ್ತು, ಮುಚ್ಚಳ ಮುಟ್ಟಬೇಡಿ. ಮತ್ತೆ, ಗೊತ್ತಿದ್ದವರು ಫೋನ್ ಮಾಡಿದರೆ ದಯವಿಟ್ಟು ಎತ್ತಿ. ಕೇಳಿದರೆ ನಾವು ಸಣ್ಣವರಾಗುವುದಿಲ್ಲ. ಕೈ ಉಳಿದರೆ ತಾನೇ ಬಳ್ಳಿ ಬಿಡಿಸುವುದು?