ಕಿವಿಹಾಲೆಯ ಬಣ್ಣ

ಬೀದಿಯವರ ಪಾಲಿಗೆ ಅವನು ಮೇಕಪ್ಪಿನವನು. ಮದುಮಕ್ಕಳಿಗೆ ಬಣ್ಣ ಹಚ್ಚುತ್ತಾನೆ ಎಂದೇ ಎಲ್ಲರೂ ತಿಳಿದಿದ್ದರು, ಹಾಗೆ ತಿಳಿಯುವಂತೆ ಮಾಡಿದವಳು ಅವನ ಹೆಂಡತಿ. ಈ ದೇಶಕ್ಕೆ ಬಂದ ಹೊಸದರಲ್ಲಿ ಎದುರುಮನೆಯಾಕೆ ಮೆಟ್ಟಿಲ ಮೇಲೆ ನಿಂತು, "ನಿಮ್ಮ ಯಜಮಾನರಿಗೆ ಏನು ಕೆಲಸ?" ಎಂದು ಕೇಳಿದಾಗ ಅವಳು "ಮೇಕಪ್ ಕೆಲಸ" ಅಂದಿದ್ದಳು. "ಮದುವೆಗಳಿಗಾ?" ಅಂದಾಗ ಸುಮ್ಮನೆ ನಕ್ಕಿದ್ದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಅವನು ಬಣ್ಣ ಹಚ್ಚುತ್ತಿದ್ದದ್ದು ಹೆಣಗಳಿಗೆ. ಪೇಟೆಯ ಕೊನೆಯಲ್ಲಿ ಅಂತ್ಯಕ್ರಿಯೆ ನಡೆಸಿಕೊಡುವ ಒಂದು ಸಂಸ್ಥೆಯಿತ್ತು. ಅದರ ಹಿಂಬದಿಯ ತಣ್ಣನೆಯ ಕೋಣೆಯಲ್ಲಿ ಅವನ ಕೆಲಸ. ಬಂದ ದೇಹವನ್ನು ತೊಳೆಯಬೇಕು, ಗಡ್ಡ ಹೆರೆಯಬೇಕು, ತಲೆ ಬಾಚಬೇಕು, ತೆರೆದ ಬಾಯನ್ನು ಮುಚ್ಚಿ ನಿಲ್ಲಿಸಬೇಕು, ಮುಖಕ್ಕೆ ಬಣ್ಣ ತರಬೇಕು. ಆಮೇಲೆ ಮನೆಯವರು ಬಂದು ಕೊನೆಯ ಸಲ ನೋಡುತ್ತಾರೆ. "ಅಳೋಕೆ ಬಂದವರು ಹೆದರಿಕೊಂಡು ಹೋಗಬಾರದು, ನಮ್ಮ ಕೆಲಸ ಅಷ್ಟೇ" ಎನ್ನುತ್ತಿದ್ದಳು ಅಲ್ಲಿನ ಯಜಮಾನಿ.

ಈ ಕೆಲಸಕ್ಕೆ ಒಂದು ಗುಟ್ಟಿದೆ. ಕನ್ನಡಿ ಮುಂದೆ ಕೂತವರಿಗೆ ಬಣ್ಣ ಹಚ್ಚುವವರು ಕಿವಿಯನ್ನು ಮರೆತರೂ ನಡೆಯುತ್ತದೆ. ಇವನ ಕೈಗೆ ಬರುವವರೋ ಮಲಗಿರುತ್ತಾರೆ, ನೋಡುವವರು ಪಕ್ಕದಲ್ಲಿ ನಿಂತಿರುತ್ತಾರೆ. ಅವರ ಕಣ್ಣಿಗೆ ಮೊದಲು ಬೀಳುವುದು ಕಿವಿ. ರಕ್ತ ಇಳಿದ ಕಿವಿ ಮೇಣದ ಹಾಗಿರುತ್ತದೆ, ಉಳಿದ ಮುಖ ಎಷ್ಟೇ ಚೆನ್ನಾಗಿದ್ದರೂ ಆ ಕಿವಿಯೇ ನಿಜ ಹೇಳಿಬಿಡುತ್ತದೆ. ಅದಕ್ಕೇ ಅವನು ಎಲ್ಲ ಮುಗಿದ ಮೇಲೆ ಕಿವಿಯ ಹಾಲೆಗೆ ಬೆರಳ ತುದಿಯಿಂದ ಒಂದಿಷ್ಟು ಕೆಂಪು ಮುಟ್ಟಿಸಿ, ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿ ಇಡುತ್ತಿದ್ದ.

ಕೆಲಸ ಕಲಿತದ್ದು ತನ್ನ ದೇಶದಲ್ಲಿ, ದೊಡ್ಡಪ್ಪನ ಹತ್ತಿರ. ಊರಿನವರನ್ನೆಲ್ಲ ಸಿಂಗರಿಸಿ ಕಳಿಸಿದ ಆ ದೊಡ್ಡಪ್ಪ ಸತ್ತಾಗ ಹೊರಲು ನಾಲ್ಕು ಜನ ಸಿಗಲಿಲ್ಲ. ಬದುಕಿದ್ದಾಗ ಅವನ ಮನೆಯಲ್ಲಿ ಯಾರೂ ಒಂದು ಲೋಟ ನೀರು ಕುಡಿದಿರಲಿಲ್ಲ. ಅದನ್ನೆಲ್ಲ ಕಣ್ಣಾರೆ ಕಂಡಿದ್ದ ಹೆಂಡತಿ ಇಲ್ಲಿಗೆ ಬಂದ ದಿನವೇ ಹೇಳಿದ್ದಳು: "ಏನು ಬೇಕಾದ್ರೂ ಮಾಡಿ. ಗುಬ್ಬಿಗೆ ಮಾತ್ರ ಗೊತ್ತಾಗಬಾರದು ರೀ."

ಗುಬ್ಬಿ ಅವರ ಒಬ್ಬಳೇ ಮಗಳು. ಬೆಳಗಾದರೆ ಚಿಲಿಪಿಲಿ ಶುರು, ಅದಕ್ಕೇ ಆ ಹೆಸರು. ದಿನಾ ಅವಳ ಮುಖ ತೊಳೆಸಿ ಜಡೆ ಹಾಕುವುದು ಅಪ್ಪನ ಪಾಲಿಗೆ ಬಂದ ಕೆಲಸ. "ನಮ್ಮಪ್ಪ ಮದುಮಕ್ಕಳ ಜಡೆ ಹಾಕ್ತಾನೆ, ಅದಕ್ಕೇ ನಂದು ಇಷ್ಟು ನೀಟು" ಎಂದು ಅವಳು ಶಾಲೆಯಲ್ಲೆಲ್ಲ ಕೊಚ್ಚಿಕೊಂಡಿದ್ದಳು. ಕೇಳಿದಾಗಲೆಲ್ಲ ಅವನು ಬಗ್ಗಿ ಜಡೆಯ ತುದಿಯನ್ನು ಮತ್ತೊಮ್ಮೆ ಬಿಗಿಯುತ್ತಿದ್ದ.

ಈ ಸುಳ್ಳನ್ನು ಒಗೆದುಬಿಡಬೇಕೆಂದು ಅವನಿಗೆ ಅನ್ನಿಸಲು ಕಾರಣ ಎದುರುಮನೆಯಾಕೆಯೇ. ಇತ್ತೀಚೆಗೆ ಆಕೆಯ ತಾಯಿ ತೀರಿಕೊಂಡಿದ್ದಳು. ದೇಹ ಬಂದದ್ದು ಇವನ ಮೇಜಿಗೇ. ಕಾಯಿಲೆ ಹಿಂಡಿ ಹಾಕಿದ್ದ ಆ ಮುಖಕ್ಕೆ ಅವನು ಒಂದು ಇಡೀ ಮಧ್ಯಾಹ್ನ ಕೊಟ್ಟಿದ್ದ. ಆಮೇಲೊಂದು ದಿನ ಆಕೆ ಮೆಟ್ಟಿಲ ಮೇಲೆ ಸಿಕ್ಕಿ, "ನಮ್ಮಮ್ಮ ನಿದ್ದೆ ಮಾಡಿದ ಹಾಗೆ ಇದ್ಳು ಅಣ್ಣಾ. ಯಾರು ಮಾಡಿದ್ರೋ ಗೊತ್ತಿಲ್ಲ, ಆ ಕೈ ತಣ್ಣಗಿರ್ಲಿ" ಎಂದು ಕಣ್ಣೊರೆಸಿಕೊಂಡಿದ್ದಳು. ಅವನು ಆ ಕೈಯನ್ನು ಜೇಬಿನಲ್ಲಿಟ್ಟುಕೊಂಡಿದ್ದ.

ಅಷ್ಟರಲ್ಲಿ ಹ್ಯಾಲೋವೀನ್ ಬಂತು.

ಆ ಸಂಜೆ ಇಲ್ಲಿನ ಮಕ್ಕಳು ದೆವ್ವ, ಅಸ್ಥಿಪಂಜರ, ಗೋರಿಯಿಂದೆದ್ದ ಹೆಣ ಎಂದೆಲ್ಲ ವೇಷ ಹಾಕಿ ಮನೆಮನೆ ಬಾಗಿಲು ತಟ್ಟುತ್ತಾರೆ. ಮಿಠಾಯಿ ಕೊಡದಿದ್ದರೆ ಕಾಟ ಕೊಡುತ್ತೇವೆ ಎನ್ನುತ್ತಾರೆ. ದೊಡ್ಡವರು ಹೆದರಿದ ಹಾಗೆ ನಟಿಸಿ ಚೀಲ ತುಂಬಿಸಿ ಕಳಿಸುತ್ತಾರೆ. ಮೊದಲ ವರ್ಷ ಬಾಗಿಲಲ್ಲಿ ಪುಟಾಣಿ ಹೆಣವೊಂದನ್ನು ಕಂಡು ಅವನ ಹೆಂಡತಿ ದೀಪ ಆರಿಸಿ ಚಿಲಕ ಹಾಕಿ ಕೂತಿದ್ದಳು. ಸಾವಿನ ಮಾತು ಬಾಯಿಗೆ ಬಂದರೇ "ಬಿಡ್ತು ಅನ್ನು" ಎಂದು ಗದರಿಸುವ ಮನೆಯಲ್ಲಿ ಬೆಳೆದವಳಿಗೆ ಹೆಣದ ವೇಷ ಆಟವಾಗುವುದು ಹೇಗೆ? ಕೆಳಮನೆಯ ಬಸ್ ಡ್ರೈವರ್ ಮತ್ತೊಂದು ದೇಶದವನು, ಅವನ ಗೊಣಗಾಟ ಬೇರೆ. "ನಮ್ಮ ಕಡೆ ಆ ದಿನ ಗೋರಿ ಹತ್ರ ಹೋಗಿ ಕೂತು, ಹೂವಿಟ್ಟು, ಸತ್ತವರ ಜೊತೆ ನಾಲ್ಕು ಮಾತಾಡಿ ಬರ್ತೀವಿ ಕಣಯ್ಯ. ಇಲ್ಲಿ ನೋಡಿದ್ರೆ ಮಿಠಾಯಿ ವಸೂಲಿ!"

ಮೇಕಪ್ಪಿನವನಿಗೆ ಮಾತ್ರ ಒಳಗೊಳಗೇ ಆ ಸಂಜೆಯೆಂದರೆ ಆಸೆ. ಸಾವನ್ನು ಹೀಗೆ ನಗುನಗುತ್ತ ಬಾಗಿಲೊಳಗೆ ಕರೆಯುವ ಜನ ಒಂದಲ್ಲ ಒಂದು ದಿನ ತನ್ನನ್ನೂ ಇದ್ದ ಹಾಗೇ ಕರೆದಾರು, ಮಗಳ ಮುಂದೆ ತಲೆ ಎತ್ತಿ ಹೇಳಿಕೊಳ್ಳಬಹುದು ಎಂದು ಅವನು ನಂಬಿದ್ದ. ಪಾಪ, ನಂಬಿಕೆಗೇನು, ಅದಕ್ಕೆ ಬಾಡಿಗೆ ಕೊಡಬೇಕಾಗಿಲ್ಲ.

ಆ ವರ್ಷ ಎದುರುಮನೆಯಾಕೆಯೇ ಬಂದು ಕೇಳಿದಳು. "ಬೀದಿಯಲ್ಲೇ ಮೇಕಪ್ಪಿನವರನ್ನ ಇಟ್ಕೊಂಡು ನಾವು ಮಕ್ಕಳ ಮುಖಕ್ಕೆ ಮಸಿ ಬಳಿಯೋದಾ? ಈ ಸಲ ಎಲ್ಲಾ ಮಕ್ಕಳಿಗೂ ನೀವೇ ಹಚ್ಚಬೇಕು ಅಣ್ಣಾ."

ಗುಬ್ಬಿ ಕುಣಿದಾಡಿದಳು. "ಅಪ್ಪಾ, ನಾನು ಸತ್ತ ಮದುಮಗಳು!"

"ಬಿಡ್ತು ಅನ್ನೇ!" ಎಂದಳು ತಾಯಿ ಅಡುಗೆಮನೆಯಿಂದ. ಆದರೂ ಒಲ್ಲೆ ಅನ್ನುವ ಧೈರ್ಯ ಅವಳಿಗೂ ಬರಲಿಲ್ಲ. ಒಲ್ಲೆ ಅಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಹೊಸ ಬ್ರಷ್, ಹೊಸ ಬಣ್ಣ ತಾನೇ ಅಂಗಡಿಗೆ ಹೋಗಿ ತಂದಳು. "ಅಲ್ಲಿಂದ ಒಂದು ಹತ್ತಿ ಚೂರೂ ತರಬೇಡಿ" ಎಂದು ತಾಕೀತು ಮಾಡಿದಳು.

ಸಂಜೆ ಅಂಗಳದಲ್ಲಿ ಉದ್ದನೆಯ ಮರದ ಮೇಜು ಹಾಕಿದರು. ಪ್ಲಾಸ್ಟಿಕ್ ಎಲುಬು ಕಟ್ಟಿಕೊಂಡವರು, ತಲೆಗೆ ಸುಳ್ಳು ಕೊಡಲಿ ಸಿಕ್ಕಿಸಿಕೊಂಡವರು, ಬಿಳಿ ಚಾದರ ಹೊದ್ದವರು ಸಾಲಾಗಿ ನಿಂತರು. ಮೊದಲು ಗುಬ್ಬಿಯನ್ನು ಕುರ್ಚಿಯ ಮೇಲೆ ಕೂರಿಸಿ ಅವನು ಬ್ರಷ್ ಎತ್ತಿದ. ನೆಟ್ಟಗೆ ಕೂತ ಮುಖಕ್ಕೆ ಅವನು ಜನ್ಮದಲ್ಲಿ ಬಣ್ಣ ಹಚ್ಚಿದವನಲ್ಲ. ಬಣ್ಣ ಕೆನ್ನೆಯಿಂದ ಕತ್ತಿಗಿಳಿದು, ಮದುಮಗಳು ಹೋಗಿ ಕೋಡಂಗಿಯಾದಳು. ಮಕ್ಕಳು ಗೊಳ್ಳೆಂದರು.

"ಮೇಜಿನ ಮೇಲೆ ಮಲಕ್ಕೋ ಮಗಳೇ" ಎಂದ.

ಮಲಗಿದ ಮೇಲೆ ಕೈಗೆ ತನ್ನ ಬುದ್ಧಿ ಬಂತು. ತಲೆಯಡಿ ಮಡಿಸಿದ ಟವೆಲ್ ಇಟ್ಟ, ಹಣೆಯ ಕೂದಲು ಸರಿಸಿದ, ಹುಬ್ಬನ್ನು ಹೆಬ್ಬೆರಳಿನಿಂದ ತೀಡಿದ. ಮಗಳು ಎದ್ದು ಕನ್ನಡಿ ನೋಡಿ ಕಿರುಚಿದಳು. ಅಷ್ಟು ಚಂದದ ಸಾವನ್ನು ಆ ಬೀದಿ ಕಂಡಿರಲಿಲ್ಲ. "ನಂಗೆ, ನಂಗೆ!" ಎಂದು ಮಕ್ಕಳು ಮುಗಿಬಿದ್ದರು. ಒಬ್ಬೊಬ್ಬರಾಗಿ ಮಲಗಿ ಎದ್ದುಹೋದರು. ಸುತ್ತ ನಿಂತ ತಾಯಂದಿರು ಬಾಯಿ ತುಂಬ ಹೊಗಳಿದರು. ಹೆಂಡತಿಯ ಮುಖದ ಗಂಟು ಕೂಡ ಸಡಿಲವಾಯಿತು.

ಆಮೇಲೆ ಎದುರುಮನೆಯಾಕೆಯ ಮಗಳು ಮಲಗಿದಳು. ಗುಬ್ಬಿಯ ಜೀವದ ಗೆಳತಿ. ಅಜ್ಜಿಯದೇ ಮೂಗು, ಅಜ್ಜಿಯದೇ ಗದ್ದ. ಆ ಮುಖದ ಮೇಲೆ ಕೈಯಾಡಿಸುತ್ತ ಆಡಿಸುತ್ತ ಅವನು ಅಂಗಳವನ್ನೇ ಮರೆತ. ಬಣ್ಣ ಮುಗಿಯಿತು. ಬೆರಳು ತಾನಾಗಿ ಕೆಂಪಿಗೆ ಹೋಯಿತು, ಕಿವಿಯ ಹಾಲೆಗಳಿಗೆ ಹೋಯಿತು. ಆಮೇಲೆ ಅವನು ಮಗುವಿನ ಎರಡೂ ಕೈಗಳನ್ನೆತ್ತಿ ಎದೆಯ ಮೇಲೆ ಜೋಡಿಸಿ ಇಟ್ಟ. ಮಗು ತುಂಟತನಕ್ಕೆ ಕಣ್ಣು ಮುಚ್ಚಿ ಅಲ್ಲಾಡದೆ ಮಲಗಿತು.

ಮಿಠಾಯಿಯ ತಟ್ಟೆ ಹಿಡಿದು ಬಂದ ಎದುರುಮನೆಯಾಕೆ ಮೇಜಿನ ಪಕ್ಕದಲ್ಲಿ ನಿಂತಳು. ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಕಿವಿಗೆ ಯಾಕೆ ಹಚ್ಚಿದ್ರಿ ಅಣ್ಣಾ?"

"ಅಭ್ಯಾಸ."

"ಕೈ ಯಾಕೆ ಹಿಂಗೆ ಇಟ್ರಿ?" ಆಕೆ ಬಗ್ಗಿ ನೋಡಿದಳು. "ನಮ್ಮಮ್ಮಂದೂ ಹಿಂಗೇ ಇತ್ತು. ಕಿವಿ ಹಿಂಗೇ, ಕೈ ಹಿಂಗೇ. ನೀವು ಕೆಲಸ ಮಾಡೋದು ಎಲ್ಲಿ?"

ಆಚೆ ನಿಂತ ಹೆಂಡತಿ ಬೇಡ ಬೇಡವೆಂದು ತಲೆಯಾಡಿಸುತ್ತಿದ್ದಳು. ಸುಳ್ಳು ಹೇಳಬಹುದಿತ್ತು. ಆದರೆ ಊರಿಗೆ ಬಂದವಳು ನೀರಿಗೆ ಬಾರದೆ ಇದ್ದಾಳೆಯೇ, ಇವತ್ತಲ್ಲ ನಾಳೆ ತಿಳಿಯುವುದೇ. ಅದಕ್ಕಿಂತ ಹೆಚ್ಚಾಗಿ, ಆ ಕೈ ತಣ್ಣಗಿರಲಿ ಎಂದು ಹರಸಿದವಳು ಇವಳೇ ತಾನೆ?

"ನಿಮ್ಮಮ್ಮನ ಮುಖ ತಿದ್ದಿದ್ದು ನಾನೇ ಅಕ್ಕಾ" ಎಂದ. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಆಕೆಯ ಕಣ್ಣು ತುಂಬಿ ಬಂತು. ಇನ್ನೇನು ತನ್ನ ಕೈ ಹಿಡಿದುಕೊಳ್ಳುತ್ತಾಳೆ ಎಂದು ಅವನಿಗೆ ಅನ್ನಿಸಿತು. ಆಕೆ ಹಿಡಿದದ್ದು ಮಗಳ ರಟ್ಟೆಯನ್ನು. ಮೇಜಿನಿಂದ ಎಳೆದು ಇಳಿಸಿ, ಕರವಸ್ತ್ರದಿಂದ ಅವಳ ಕಿವಿಯನ್ನು ಉಜ್ಜತೊಡಗಿದಳು.

"ನಮ್ಮಮ್ಮನಿಗೆ ನೀವು ಮಾಡಿದ್ದು ದೊಡ್ಡದು, ನಾನು ಮರೆಯಲ್ಲ. ಆದ್ರೆ ಅದೇ ಕೈಯಲ್ಲಿ ಮಕ್ಕಳ ಮುಖ..."

"ಬ್ರಷ್ಷು ಹೊಸದು ಅಕ್ಕಾ! ಬಣ್ಣಾನೂ ಹೊಸದು!" ಹೆಂಡತಿ ಓಡಿ ಬಂದಳು.

"ಕೈ ಅದೇ ಅಲ್ವಾ?" ಎಂದಳು ಆಕೆ. ಕೋಪವಿರಲಿಲ್ಲ, ಬೇಸರವಿತ್ತು. ಕೋಪವಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಗುಸುಗುಸು ಅಂಗಳ ದಾಟಲು ಎಷ್ಟು ಹೊತ್ತು? ಯಾರೂ ಬಾಯಿ ಮಾಡಲಿಲ್ಲ, ಯಾರೂ ಬೈಯಲಿಲ್ಲ. ಸಾಲು ಮಾತ್ರ ಕರಗಿತು. ತಾಯಂದಿರು ಅಂಗಳದ ನಲ್ಲಿಯ ಬಳಿ ಮಕ್ಕಳ ಮುಖ ತಿಕ್ಕಿ ತಿಕ್ಕಿ ತೊಳೆದರು. ತಲೆಯಲ್ಲಿ ಕೊಡಲಿ ಸಿಕ್ಕಿಕೊಂಡವನೊಬ್ಬ ಸೋಪು ಕಣ್ಣಿಗೆ ಹೋಗಿ ಬೊಬ್ಬೆ ಹೊಡೆದ. ಆ ಜನಕ್ಕೆ ಹೆಣದ ವೇಷ ಬೇಕಿತ್ತು, ಹೆಣ ಮುಟ್ಟಿದವನು ಬೇಡವಾಗಿದ್ದ. ಒಂದು ದೇಶದಲ್ಲಿ ಹೆದರಿ ದೂರ ಇಟ್ಟರು, ಇನ್ನೊಂದರಲ್ಲಿ ಕುಣಿಯುತ್ತಲೇ ದೂರ ಇಟ್ಟರು. ದೊಡ್ಡಪ್ಪನಿಗೆ ಇಷ್ಟು ದೂರ ಪ್ರಯಾಣ ಮಾಡುವ ಕಷ್ಟವಾದರೂ ತಪ್ಪಿತ್ತು.

ಡ್ರೈವರ್ ಒಬ್ಬನೇ ಮೇಜು ಎತ್ತಿಡಲು ಕೈಜೋಡಿಸಿದ. "ನನ್ನ ಸರದಿ ಬಂದಾಗ ಬಣ್ಣ ಜಾಸ್ತಿ ಎತ್ತಿಟ್ಟಿರು ಮಾರಾಯ, ನನ್ನ ಕಿವಿ ದೊಡ್ಡದು" ಎಂದ. ಇಬ್ಬರೂ ನಕ್ಕರು. ನಗು ಅಲ್ಲೇ ನಿಂತುಹೋಯಿತು.

ಗುಬ್ಬಿ ಖಾಲಿ ಚೀಲ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು. ಬೀದಿಯಲ್ಲಿ ಬಣ್ಣವಿದ್ದ ಮುಖ ಅವಳದೊಂದೇ. ಗೆಳತಿ ಮನೆಯೊಳಗೆ ಹೋಗಿಯಾಗಿತ್ತು.

"ಅಪ್ಪಾ, ಮದುಮಕ್ಕಳಿಗೆ ಅಲ್ವಾ ನೀನು ಹಚ್ಚೋದು?"

"ಅಲ್ಲ ಮಗಳೇ."

"ಒಬ್ಬಳಿಗೂ ಇಲ್ವಾ?"

"ಇಲ್ಲ."

ಅವಳು ಖಾಲಿ ಚೀಲವನ್ನು ಮಡಿಸಿದಳು. ಅವನು ಒಳಗಿಂದ ಬಿಸಿನೀರು, ಟವೆಲ್ ತಂದು ಪಕ್ಕದಲ್ಲಿ ಕೂತ, ಟವೆಲ್ ಹಿಂಡಿ ಅವಳ ಕೆನ್ನೆಯ ಕಡೆ ಕೈ ಚಾಚಿದ. ಗುಬ್ಬಿ ಮುಖವನ್ನು ಹಿಂದಕ್ಕೆ ಎಳೆದುಕೊಂಡಳು. ಸ್ವಲ್ಪವೇ. ಎಳೆದುಕೊಂಡದ್ದಕ್ಕೆ ಅವಳಿಗೇ ನಾಚಿಕೆಯಾದಂತೆ ಕಣ್ಣು ಕೆಳಗೆ ಹಾಕಿದಳು.

"ಅಮ್ಮ ತೊಳೀಲಿ" ಎಂದಳು.

ಅವನು ಟವೆಲನ್ನು ಹೆಂಡತಿಗೆ ಕೊಟ್ಟ.

ಬೆಳಗ್ಗೆ ಜಡೆಯನ್ನೂ ತಾಯಿಯೇ ಹಾಕಿದಳು. ಬೈತಲೆ ಸೊಟ್ಟಗಾಗಿತ್ತು. ಅದನ್ನು ನೋಡಿಯೂ ಅವನು ಬಾಚಣಿಗೆ ಕೇಳಲಿಲ್ಲ. "ಹೋಗ್ಬರ್ತೀನಿ ಅಪ್ಪಾ" ಎಂದು ಗುಬ್ಬಿ ಬಾಗಿಲಿನಿಂದಲೇ ಹೇಳಿ ಹೋದಳು.

ತಣ್ಣನೆಯ ಕೋಣೆಯಲ್ಲಿ ಒಬ್ಬ ಮುದುಕಿ ಕಾಯುತ್ತಿದ್ದಳು. ಅವನು ಮುಖ ತೊಳೆದ, ತಲೆ ಬಾಚಿ ಬೈತಲೆ ನೇರ ತೆಗೆದ, ಕೆನ್ನೆಗೆ ಬಣ್ಣ ತಂದ. ಕೊನೆಗೆ ಬೆರಳಿಗೆ ಕೆಂಪು ತೆಗೆದುಕೊಂಡು ಕಿವಿಯ ಹತ್ತಿರ ಒಯ್ದವನು ಒಂದು ಗಳಿಗೆ ತಡೆದ.

ಮುದುಕಿ ಮುಖ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.